ಗಡಿ ದಾಟದ ಗರಿ

"ಆ ಗರಿ ಮುಟ್ಟಬೇಡಿ!"

ಅಲ್ಮಾಟಿ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಆ ಗಂಡುದನಿ ಗುಡುಗಿದಾಗ ಮರ್ಜಾನಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಎದುರಿಗೆ ತೆರೆದ ಮರದ ಪೆಟ್ಟಿಗೆ. ಅದರೊಳಗೆ ಒಂದು ಕೋಬಿಜ್. ಕುದುರೆ ಬಾಲದ ಕೂದಲಿನ ಎರಡು ತಂತಿ, ಪಕ್ಕದಲ್ಲಿ ಕಮಾನು, ವಾದ್ಯದ ನೆತ್ತಿಯ ಮೇಲೆ ಗೂಬೆ ಗರಿಗಳ ಪುಟ್ಟ ಗೊಂಚಲು.

ಕೂಗಿದವನು ದೌರೆನ್. ಕೋಬಿಜ್ ಮಾಡುವವನೂ ಅವನೇ, ನುಡಿಸುವವನೂ ಅವನೇ.

'ಸಿಟ್ಟಿನಲ್ಲೂ ಇಷ್ಟು ಚೆಂದ ಕಾಣಬಾರದಪ್ಪ ಯಾರೂ...' ಅಂದುಕೊಂಡ ಮರ್ಜಾನ್ ಮರುಕ್ಷಣವೇ ಮುಖ ಗಂಟು ಹಾಕಿಕೊಂಡಳು. ಅವಳು ಸರಕು ಸಾಗಣೆ ಕಂಪನಿಯ ವಕೀಲೆ. ಯಾವ ವಸ್ತು ದೇಶ ಬಿಟ್ಟು ಹೋಗಬಹುದು, ಯಾವುದು ಹೋಗಬಾರದು ಅಂತ ನೋಡುವುದೇ ಅವಳ ಕೆಲಸ.

"ಈ ಗರಿ ಎಲ್ಲಿಂದ ಬಂತು? ಕೊನೆಗೆ ಯಾರ ಕೈ ಸೇರುತ್ತೆ?"

ಎಲ್ಲ ಸರಕಿಗೂ ಅವಳು ಕೇಳುವ ಪ್ರಶ್ನೆ ಇವೆರಡೇ.

"ನಮ್ಮಮ್ಮ ಕಟ್ಟಿದ್ದು, ದೃಷ್ಟಿ ತಾಗದಿರ್ಲಿ ಅಂತ. ಇದು ನಮ್ಮಪ್ಪ ಮಾಡಿದ ಕೊನೇ ಕೋಬಿಜ್. ದೊಡ್ಡ ವೇದಿಕೇಲಿ ಇದರ ದನಿ ಕೇಳ್ಬೇಕು ಅಂತ ಆಸೆ ಇಟ್ಕೊಂಡೇ ಹೋಗ್ಬಿಟ್ರು. ಈಗ ವಿಯೆನ್ನಾದಿಂದ ಕರೆ ಬಂದಿದೆ. ಸಾಕಾ?"

"ಸಾಲದು. ಗೂಬೆ ಗರಿಗೆ ಪರವಾನಗಿ ಬೇಕು. ಇಲ್ದಿದ್ರೆ ಅಲ್ಲಿ ವಾದ್ಯಾನೇ ಜಪ್ತಿ ಮಾಡ್ತಾರೆ. ವಾಪಸ್ ಸಿಗೋ ನಂಬಿಕೆ ಇಲ್ಲ. ಪರವಾನಗಿ ಬರೋವರೆಗೆ ಕಾಯಿರಿ, ಇಲ್ಲಾ ಗರಿ ಬಿಚ್ಚಿಡಿ."

"ಕಾಯೋಕೆ ಟೈಮಿಲ್ಲ. ಬಿಚ್ಚೋಕೆ ಮನಸ್ಸಿಲ್ಲ. ನೀವೂ ಕಜಾಕ್ ಹೆಣ್ಣುಮಗಳು ತಾನೇ?"

ಆ ಮಾತು ನೇರ ಎದೆಗೇ ಚುಚ್ಚಿತು.

"ನಿಯಮ ನಾನು ಮಾಡಿದ್ದಲ್ಲ. ಸುಮ್ಮನೆ ನನ್ನ ಮೇಲೆ ಗೂಬೆ ಕೂರಿಸ್ಬೇಡಿ!"

"ನಿಮ್ಮ ಮೇಲೆ ಗೂಬೆನಾ? ಒಂದು ಗರಿ ಕಂಡ್ರೇ ಬೆವರ್ತೀರಲ್ಲ, ಲಾಯರಮ್ಮ!"

ಅಂದವನೇ ಕೋಬಿಜ್ ಎತ್ತಿಕೊಂಡು, ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತು ಕಮಾನು ಎಳೆದ.

"ಕೇಳಿ. ನೀವು ತಡೀತಿರೋದು ಇದನ್ನ."

ಹಮಾಲಿಗಳು ಹೊರೆ ಇಳಿಸಿ ನಿಂತರು. ಯಾರೋ ಬಿಕ್ಕಿ ಬಿಕ್ಕಿ ಅತ್ತು, ಆಮೇಲೆ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡಂತಿತ್ತು ಆ ದನಿ. ಮರ್ಜಾನಳ ಕಣ್ಣು ತುಂಬಿತು.

ಕಣ್ಣೀರು ಬಂತು... ಆದರೆ ಸಹಿ ಬರಲಿಲ್ಲ.

"ಕ್ಷಮಿಸಿ. ಆಗಲ್ಲ."

ದೌರೆನ್ ಪೆಟ್ಟಿಗೆ ಹೊತ್ತು ಹೊರಟೇಹೋದ. ಹೋಗುವಾಗ "ಕಲ್ಲು!" ಅಂದದ್ದು ಬೇಕಂತಲೇ ಅವಳಿಗೆ ಕೇಳಿಸುವಂತೆ.

ಮರುದಿನ ಕ್ಯಾಂಟೀನಿನಲ್ಲಿ ಮರ್ಜಾನ್ ಬಿಸಿ ನೂಡಲ್ಸಿನ ಲಗ್ಮನ್ ತಿನ್ನುತ್ತಿದ್ದಳು. ಪಕ್ಕದ ಮೇಜಿನಲ್ಲಿ ಬೇರೊಂದು ಸಾಗಣೆ ಕಂಪನಿಯ ಏಜೆಂಟ್ ತನ್ನ ಜಾಣತನ ಕೊಚ್ಚಿಕೊಳ್ಳುತ್ತಿದ್ದ.

"ಗರಿ ವಿಷಯ ಬರೀಲೇಬಾರದು ಕಣಯ್ಯ! ಮರದ ವಾದ್ಯ ಅಂತಷ್ಟೇ ಹಾಕ್ದೆ. ಆ ಕೋಬಿಜ್ ನಾಳೆ ವಿಯೆನ್ನಾಗೆ ಹೊರಡುತ್ತೆ."

ಹೋಗಲಿ ಬಿಡು, ನಿನಗೇನು? ಅಂತ ಬುದ್ಧಿ ಹೇಳಿತು. ಮನಸ್ಸು ಆಗಲೇ ಕಾರಿನ ಕೀ ಹುಡುಕುತ್ತಿತ್ತು!

ದೌರೆನನ ಮನೆ ಅಲ್ಮಾಟಿ ಪಕ್ಕದ ತಲ್ಗರಿನಲ್ಲಿ. ಸರಕಿನ ಕಾಗದದಲ್ಲಿ ಕಂಡ ವಿಳಾಸ ಅವಳಿಗೆ ನೆನಪಿತ್ತು. ಬಾಗಿಲು ತೆರೆದ ಅವನ ತಾಯಿ ಕುಲ್ಯಾಶ್, ಯಾರು ಏನು ಅಂತ ಕೇಳುವ ಮೊದಲೇ ಒಳಗೆ ಕೂರಿಸಿ ಹಾಲು ಹಾಕಿದ ಚಹಾ, ಎಣ್ಣೆಯಲ್ಲಿ ಕರಿದ ಬಿಸಿ ಬೌರ್ಸಾಕ್ ಮುಂದಿಟ್ಟರು. ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ ದೌರೆನ್ ಸುತ್ತಿಗೆ ಹಿಡಿದುಕೊಂಡೇ ಬಂದ.

"ಇಲ್ಲಿಗೂ ಬಂದ್ರಾ?"

ಮರ್ಜಾನ್ ಅವನತ್ತ ನೋಡಲೇ ಇಲ್ಲ. ಹಿರಿಯ ಹೆಂಗಸರನ್ನು ಕರೆಯುವಂತೆ 'ಅಪಾ' ಅಂತ ಕುಲ್ಯಾಶ್ ಅವರಿಗೇ ಹೇಳಿದಳು.

"ಅಪಾ, ಆ ಗರಿ ಇಟ್ಕೊಂಡು ಕೋಬಿಜ್ ಹೋದ್ರೆ ಮತ್ತೆ ಈ ಮನೆಗೆ ಬರಲ್ಲ. ನನ್ನನ್ನ ಎಷ್ಟು ಬೈದ್ರೂ ಬೈಕೊಳ್ಳಿ... ಅದನ್ನ ಮಾತ್ರ ಕಳ್ಕೋಬೇಡಿ."

ಕುಲ್ಯಾಶ್ ಮಗನ ಕಡೆ ತಿರುಗಿದರು. "ನಂಗೆ ಯಾಕೋ ಹೇಳ್ಲಿಲ್ಲ?"

"ನಿಂಗೆ ನೋವಾಗುತ್ತೆ ಅಂತ, ಅಮ್ಮ..."

"ನನ್ನ ಮದುವೆ ಗೊತ್ತಾದ ದಿನ ನಮ್ಮತ್ತೆ ನನ್ನ ಟೋಪಿಗೆ ಸಿಕ್ಕಿಸಿದ ಗರಿ ಇವು, ಮಗಳೇ," ಕುಲ್ಯಾಶ್ ಮೆಲ್ಲಗೆ ಹೇಳಿದರು. "ಕಾಯ್ಲಿ ಅಂತ ಕೋಬಿಜ್‌ಗೆ ಕಟ್ದೆ. ಕಾಯೋ ಗರೀನೇ ಕಂಟಕ ಆದ್ರೆ ಹೇಗೆ?"

ತಾವೇ ಗಂಟು ಬಿಚ್ಚಿ, ಗರಿಗಳನ್ನು ಬಿಳಿ ಕರವಸ್ತ್ರದಲ್ಲಿ ಸುತ್ತಿಟ್ಟರು.

ದೌರೆನ್ ಅವಳನ್ನು ಕಳಿಸಲು ಗೇಟಿನವರೆಗೆ ಬಂದ.

"ನಾನೀಗ ನಿಮ್ಮ ಗಿರಾಕಿ ಕೂಡ ಅಲ್ಲ. ಯಾಕೆ ಬಂದ್ರಿ?"

"ನೀವು ನುಡಿಸಿದ್ದು ಕೇಳಿದ್ನಲ್ಲ..."

"ನಿಮ್ಮನ್ನ ಕಲ್ಲು ಅಂದ್ಬಿಟ್ಟೆ."

"ಅದೂ ಕೇಳಿಸ್ತು!"

ಇಬ್ಬರೂ ಮೊದಲ ಸಲ ಒಟ್ಟಿಗೇ ನಕ್ಕರು. ಹೊಸ ಕಾಗದವನ್ನು ಅವಳೇ ಮಾಡಿಕೊಟ್ಟಳು. ತಂತಿಯ ಕುದುರೆ ಕೂದಲು, ವಾದ್ಯಕ್ಕೆ ಹೊದಿಸಿದ ಒಂಟೆ ಚರ್ಮ, ಒಂದನ್ನೂ ಮುಚ್ಚಿಡದೆ.

ಆಮೇಲೆ? ಅವನ ಸುದ್ದಿಯೇ ಇಲ್ಲ!

ಮರ್ಜಾನ್ ಫೋನ್ ನೋಡಿದಳು, ಮಗುಚಿಟ್ಟಳು, ಮತ್ತೆ ನೋಡಿದಳು. 'ಕಲ್ಲಿಗೆ ಯಾರು ಫೋನ್ ಮಾಡ್ತಾರೆ...' ಅಂತ ತನ್ನನ್ನೇ ಹಂಗಿಸಿಕೊಂಡಳು.

ಮೊದಲ ಹಿಮ ಬಿದ್ದ ದಿನ ಶೆಡ್ಡಿನ ಬಾಗಿಲಲ್ಲಿ ಯಾರೋ ಕೂಗಿದರು.

"ಸುಯಿನ್ಶಿ!"

ಒಳ್ಳೆಯ ಸುದ್ದಿ ತಂದವರು ಹೀಗೆ ಕೂಗಿದರೆ, ಕೇಳಿದವರು ಬದಲಿಗೆ ಸುಯಿನ್ಶಿ ಅಂತ ಏನಾದರೂ ಕೊಡಲೇಬೇಕು. ದೌರೆನ್ ಏದುಸಿರು ಬಿಡುತ್ತ ನಿಂತಿದ್ದ.

"ಪೆಟ್ಟಿಗೆ ಬಿಚ್ಚಿ ಮೂಲೆಮೂಲೆ ತಡಕಾಡಿದ್ರು. ಗರಿ ಇದ್ದಿದ್ರೆ ಅಲ್ಲೇ ಜಪ್ತಿ ಆಗ್ತಿತ್ತು. ಅಪ್ಪನ ಕೋಬಿಜ್ ನುಡೀತು, ಮರ್ಜಾನ್! ಇಡೀ ಸಭೆ ಎದ್ದು ನಿಂತ್ಕೊಳ್ತು. ನಾನು ಮಾತ್ರ ಅಷ್ಟು ಜನರಲ್ಲಿ ನಿಮ್ಮನ್ನ ಹುಡುಕ್ತಿದ್ದೆ."

"ಒಂದು ಫೋನ್ ಮಾಡ್ಬಾರ್ದಿತ್ತಾ?" ಅವಳ ದನಿ ಒಡೆಯಿತು.

"ಫೋನಲ್ಲಿ ಹೇಳೋ ಮಾತಲ್ಲ ಅದು."

ಅವನ ಹಿಂದಿನಿಂದ ಕುಲ್ಯಾಶ್ ಮುಂದೆ ಬಂದರು. ಕೈಯಲ್ಲಿ ಅದೇ ಬಿಳಿ ಕರವಸ್ತ್ರ! ಬಿಚ್ಚಿ, ಮರ್ಜಾನಳ ಉಣ್ಣೆ ಟೋಪಿಯತ್ತ ಕೈ ಚಾಚಿದರು.

"ತಡಿಯಮ್ಮ! ಪರವಾನಗಿ ಇಲ್ದೆ ಗರಿ ಎಲ್ಲೂ ಹೋಗೋ ಹಾಗಿಲ್ಲ ಅಂತ ಲಾಯರಮ್ಮನೇ ಹೇಳಿದ್ದಾರೆ." ತಮಾಷೆ ಮಾಡುತ್ತಿದ್ದ ದೌರೆನನ ಮುಖ ತಟ್ಟನೆ ಗಂಭೀರವಾಯಿತು. "ನಿಮ್ಮನ್ನ ತುಂಬಾ ಪ್ರೀತಿಸ್ತೀನಿ, ಮರ್ಜಾನ್. ನಂಗೆ ಬೇರೆ ಸುಯಿನ್ಶಿ ಬೇಡ. ನೀವು ಒಪ್ತೀರಾ?"

ಹಮಾಲಿಗಳು ಮತ್ತೆ ಹೊರೆ ಇಳಿಸಿದರು. ಮರ್ಜಾನ್ ಕಣ್ಣೊರೆಸಿಕೊಂಡು, ವಕೀಲೆಯ ಗತ್ತಿನಲ್ಲೇ ಕೇಳಿದಳು.

"ಅಪಾ, ಈ ಗರಿ ಎಲ್ಲಿಂದ ಬಂತು?"

"ನಮ್ಮತ್ತೆಯಿಂದ."

"ಕೊನೆಗೆ ಯಾರ ಕೈ ಸೇರುತ್ತೆ?"

"ನನ್ನ ಸೊಸೆ ಕೈ."

ಮರ್ಜಾನ್ ತಲೆ ಬಾಗಿಸಿದಳು. ಕುಲ್ಯಾಶ್ ಗರಿ ಸಿಕ್ಕಿಸಿ, ಅವಳ ಹಣೆಗೆ ಮುತ್ತಿಟ್ಟರು.

"ಅಂತೂ ನನ್ನ ಮೇಲೆ ಗೂಬೆ ಕೂರಿಸೇಬಿಟ್ರಿ!" ಅಳುತ್ತಳುತ್ತಲೇ ನಕ್ಕಳು ಅವಳು.

"ಬೇಡ ಅಂದ್ರೆ ತೆಗೀಲಾ?" ದೌರೆನ್ ಕೈ ಎತ್ತಿದ.

ಅವಳು ಆ ಕೈಯನ್ನು ಗಪ್ಪನೆ ಹಿಡಿದುಕೊಂಡಳು. ಬಿಡಲಿಲ್ಲ.

"ಆ ಗರಿ ಮುಟ್ಟಬೇಡಿ!"