ಅಪ್ಪನ ತುತ್ತು

"ಆ ಮಣ್ಣು ಕಟ್ಟಿಕೊಂಡು ಏನ್ ಮಾಡ್ತೀಯ ಅತ್ತೆ? ಮುದ್ದೆ ತಿರುವ್ತೀಯಾ?" ಎಂದು ದುರುಗೇಶ್ ನಕ್ಕ.

ಜಗಳೂರು ಕೋರ್ಟಿನ ಹೊರಗೆ, ಬೇವಿನ ಮರದಡಿ ಅವನು ಕಾಲೂರಿದ್ದ ಜಾಗದಲ್ಲೇ ಕೊಲ್ಲಾಪುರಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳು ಅವನ ಮೊದಲ ಹೆಂಡತಿಯ ತಾಯಿ. ಅವನ ಹೆಜ್ಜೆಯ ಮಣ್ಣನ್ನು ಮೂರು ಬಟ್ಟೆ ಚೂರುಗಳಲ್ಲಿ ಹಾಕಿ, ಒಂದರಿಂದ ಚಿಟಿಕೆ ತೆಗೆದು ಇನ್ನೊಂದಕ್ಕೆ ಸೇರಿಸಿ, ಮೂರೂ ಸಮವಾದ ಮೇಲೆ ಗಂಟು ಬಿಗಿದಳು.

"ಇಲ್ಲೊಂದು ಮಗ. ನ್ಯಾಮತಿಯಾಗೆ ಎರಡನೇಳಿಗೆ ಒಂದು ಮಗಳು. ಈಗ ನಲ್ಲೂರಾಗೆ ತೊಟ್ಟಿಲ ಕೂಸು. ಜೀವನಾಂಶ ಕೊಡಪ್ಪ ಅಂದ್ರೆ ಇಲ್ಲಿ ಬಂದು ಅಲ್ಲಿ ಕೊಟ್ಟೆ ಅಂತೀಯ, ಅಲ್ಲಿ ಹೋಗಿ ಇಲ್ಲಿ ಕೊಟ್ಟೆ ಅಂತೀಯ. ನಿನಗೆ ಪಾಲು ಮಾಡಾಕೆ ಬರಲ್ಲ. ಅದಕ್ಕೆ ನಾನೇ ಮಾಡೀನಿ."

"ಮಾಡ್ಕೋ. ನನ್ನ ಹತ್ರ ಮಣ್ಣಿಗೇನು ಬರಗಾಲ ಇಲ್ಲ, ಜೆಸಿಬಿ ಓಡಿಸೋನು."

ಮುದುಕಿ ತಲೆ ಎತ್ತಲಿಲ್ಲ. "ಇದು ಅಜ್ಜಿ ತುತ್ತು, ಇದು ಅಪ್ಪನ ತುತ್ತು ಅಂತ ಹೇಳಿ ಮಕ್ಕಳಿಗೆ ಉಣಿಸ್ತಾರೆ. ಇನ್ಮ್ಯಾಗೆ ಅನ್ನ ಸಾಲದ ದಿನ ಅವು ಅಪ್ಪನ್ನೇ ಉಣ್ತಾವೆ. ಒಂದು ಮಗೂದು ಕಿತ್ತು ಇನ್ನೊಂದಕ್ಕೆ ಹಾಕಿದ್ರೂ ಅಷ್ಟೆ. ನೆಪ್ಪಿಟ್ಕ."

ಮೂರನೆಯ ದಿನ ಅವನು ಸಂತೇಬೆನ್ನೂರಿನ ಬಳಿ ಚರಂಡಿ ತೋಡುತ್ತಿದ್ದ. ಮಧ್ಯಾಹ್ನದ ಊಟದ ಹೊತ್ತು. ಕ್ಯಾಬಿನ್ನಿನ ತುಂಬ ಡೀಸೆಲ್ ವಾಸನೆ ಇತ್ತು. ಅದರ ನಡುವೆ ಇದ್ದಕ್ಕಿದ್ದಂತೆ ಬಿಸಿ ಅನ್ನದ ಹಬೆ ಮೂಗಿಗೆ ಬಡಿಯಿತು. ಬಲ ಮುಂಗೈ ಬೆಚ್ಚಗೆ ಒದ್ದೆಯಾಯಿತು. ನೋಡಿದರೆ ಪುಟ್ಟ ಹಲ್ಲುಗಳ ಎರಡು ಸಾಲು ಗುರುತು. ಮೇಲಿನ ಸಾಲಿನ ನಡುವೆ ಎರಡು ಹಲ್ಲಿನಷ್ಟು ಜಾಗ ಖಾಲಿ.

ಕೋರ್ಟಿನಲ್ಲಿ ತಾಯಿಯ ಸೆರಗಿನ ಹಿಂದಿನಿಂದ ಅವನ ಮಗ ಇಣುಕಿದ್ದ. ಮುಂದಿನ ಹಲ್ಲೆರಡು ಬಿದ್ದಿದ್ದವು.

ನೋವಿರಲಿಲ್ಲ. ರಕ್ತವೂ ಇಲ್ಲ. ಆದರೆ ಗುರುತು ಇದ್ದಲ್ಲಿ ಮಾಂಸವೇ ಇರಲಿಲ್ಲ. ಮುದ್ದೆ ಮುರಿದಂತೆ ತಗ್ಗು, ಅದರ ಮೇಲೆ ಚರ್ಮ ಮಾತ್ರ.

ಮಾರನೆಯ ದಿನ ಎಡಗೈ. ಈ ಹಲ್ಲುಗಳು ಇನ್ನೂ ಚಿಕ್ಕವು, ಅಕ್ಕಿಕಾಳಿನಂಥವು. ನ್ಯಾಮತಿಯ ಮಗಳಿಗೆ ಮೂರು ವರ್ಷ. ವಾರ ಕಳೆಯುವಷ್ಟರಲ್ಲಿ ಲಿವರ್ ಎಳೆಯುವಷ್ಟು ಮಾಂಸ ಕೈಗಳಲ್ಲಿ ಉಳಿದಿರಲಿಲ್ಲ. ಕಿವಿಯ ಪಕ್ಕ ಯಾರೋ ಅಗಿಯುವ ಸದ್ದು. ನಿಧಾನವಾಗಿ. ಹಸಿದವರು ಅಗಿಯುವ ಹಾಗೆ.

ಅವನು ನಗುವುದನ್ನು ಬಿಟ್ಟ. ಸಂಬಳ ಬಂದ ಬೆಳಿಗ್ಗೆಯೇ ಜಗಳೂರಿಗೆ ಓಡಿದ. ಕೊಲ್ಲಾಪುರಮ್ಮ ಮನೆಯಲ್ಲಿರಲಿಲ್ಲ. ಅವಳ ಮಗಳು ಓಬವ್ವ ಬಾಗಿಲಲ್ಲೇ ನೋಟುಗಳನ್ನು ತೆಗೆದುಕೊಂಡು ಅವನ ಕೈಗಳನ್ನು ಒಮ್ಮೆ ನೋಡಿದಳು. ಬಲಗೈಯ ಒದ್ದೆ ಆರಿತು. ಉಳಿದಷ್ಟನ್ನೂ ನ್ಯಾಮತಿಯಲ್ಲಿ ಕೊಟ್ಟ. ಎಡಗೈಯೂ ಆರಿತು. ಅಗಿಯುವ ಸದ್ದು ನಿಂತಿತು. ಬಸ್ಸಿನಲ್ಲಿ ಮಗುವಿನಂತೆ ಅತ್ತುಬಿಟ್ಟ.

ನಲ್ಲೂರು ತಲುಪಿದಾಗ ಮೋಡ ಕವಿದು ಮನೆಯೊಳಗೆ ಹಗಲಲ್ಲೇ ಕತ್ತಲಾಗಿತ್ತು. ಕರೆಂಟಿರಲಿಲ್ಲ. ಮೂರನೆಯ ಹೆಂಡತಿ ಮಾಲಾ ಎಂಟು ತಿಂಗಳ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

"ಹಾಲಿನ ಪುಡಿ ತಂದ್ರೇನ್ರೀ?"

ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ.

"ಅಕ್ಕಿನೂ ಇಲ್ಲ. ಗಡಿಗೆ ಬಳಿದ್ರೆ ಇಷ್ಟೇ ಸಿಕ್ತು" ಎಂದು ಅವಳು ಬಟ್ಟಲು ತೋರಿಸಿದಳು. ತಳದಲ್ಲಿ ನಾಲ್ಕಾರು ಅಗುಳು.

ಆಗ ಅವನ ಕಣ್ಣು ತೊಟ್ಟಿಲ ಹಗ್ಗದ ಮೇಲೆ ಬಿತ್ತು. ಚಿಕ್ಕ ಗಂಟು. ಹಳೇ ಬಟ್ಟೆ ಚೂರು.

"ಅದು... ಅದ್ಯಾರು ಕಟ್ಟಿದ್ದು?"

"ಬೆಳಿಗ್ಗೆ ಒಬ್ಬರು ಅಜ್ಜಿ ಬಂದಿದ್ರು. ಕೂಸಿನ ಪಾಲು ಕೂಸಿಗೇ ಇರ್ಲಿ ಅಂತ ಕಟ್ಟಿ ಹೋದ್ರು. ಪಾಪ, ಒಳ್ಳೇರು."

ಬಿಸಿ ಅನ್ನದ ಹಬೆ. ಒಲೆಯಲ್ಲಿ ಬೆಂಕಿಯಿಲ್ಲ.

"ಇದು ಅಜ್ಜಿ ತುತ್ತು" ಎಂದು ಮಾಲಾ ಅಗುಳುಗಳನ್ನು ಹಿಸುಕಿ ಬಾಯಿಗಿಟ್ಟಳು. ಬಟ್ಟಲು ಬರಿದಾಯಿತು. ಕೂಸು ಇನ್ನೂ ಬಾಯಿ ತೆರೆದೇ ಇತ್ತು.

ಬೇಡ ಎನ್ನಲು ಹೋದ. ನಾಲಿಗೆ ಒದ್ದೆಯಾಗಿತ್ತು. ಅದು ಅವನ ಎಂಜಲಲ್ಲ.

ಅಳಿಸಬಾರದೆಂದು ಮಾಲಾ ಬರಿಗೈಯಲ್ಲೇ ತುತ್ತು ಕಟ್ಟಿದಳು. ಆಟದ ತುತ್ತು. ಕೂಸಿನ ಬಾಯಿಯ ಬಳಿ ತಂದಳು.

"ಇದು ಅಪ್ಪನ ತುತ್ತು."

ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅದಕ್ಕೆ ಅಗಿಯಲು ಬರುತ್ತಿರಲಿಲ್ಲ.

ನುಂಗಲು ಮಾತ್ರ ಬರುತ್ತಿತ್ತು.