ನಾಲಿಗೆ ತೊದಲಿದ ರೈಡರ್

ಹೆಮ್ಮಾಡಿಯ ಹೆದ್ದಾರಿ ಪಕ್ಕದ, ಮಳೆಗಾಲದಲ್ಲಷ್ಟೇ ನೀರು ಹರಿಯುವ ತೋಡಿನಲ್ಲಿ ರತೀಶನ ಹೆಣ ಬಿದ್ದಿತ್ತು. ಮೇಲೆ ಅವನದೇ ಬೈಕು. ಅಂಗಿಯಿಂದ ಬ್ರಾಂದಿಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯುತ್ತಿತ್ತು.

ಬೀಜಾಡಿಯ ಕಬಡ್ಡಿ ತಂಡದ ಹುಡುಗ. ಹಿಂದಿನ ಸಂಜೆ ಬೈಂದೂರಿನಲ್ಲಿ ಪಂದ್ಯ ಆಡಿದ್ದ. ಕುಡಿದು ಬಿದ್ದು ಸತ್ತ ಎಂದು ಬೆಳಕು ಹರಿಯುವಷ್ಟರಲ್ಲಿ ಸೇರಿದವರೆಲ್ಲ ತೀರ್ಪು ಕೊಟ್ಟಾಗಿತ್ತು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಎಸ್‌ಐ ವಿನಯಾ ಬಗ್ಗಿ ನೋಡಿದಳು. ಮೈಮೇಲೆ ಒಂದು ತರಚು ಗಾಯವೂ ಇಲ್ಲ. ಬಿಗಿಯಾದ ಪ್ಯಾಂಟಿನ ಒಳಗೆ ಮೊಣಕಾಲು ಉಬ್ಬಿಕೊಂಡಿತ್ತು. ಮುಟ್ಟಿ ನೋಡಿದಳು. ಆಟದಲ್ಲಿ ಮೊಣಕಾಲಿಗೆ ಬಿಗಿಯುವ ನೀಕ್ಯಾಪ್.

ವಿನಯಾ ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ಆಟ ಮುಗಿದ ಕೂಡಲೇ ಯಾರಾದರೂ ಮೊದಲು ಕಿತ್ತೆಸೆಯುವುದು ಅದನ್ನೇ.

* * *

ಕುಂದಾಪುರದ ಶವಾಗಾರದ ಹೊರಗೆ ರತೀಶನ ತಾಯಿ ಸುಗಂಧಿ ಗೋಡೆಗೊರಗಿ ನಿಂತಿದ್ದಳು. ಎರಡು ತಿಂಗಳಿಂದ ಮಗನ ಮಾತು ತೊದಲುತ್ತಿತ್ತಂತೆ, ಹೊಸ್ತಿಲು ಎಡವುತ್ತಿದ್ದನಂತೆ. ಕುಡಿತ ಹಿಡಿಯಿತು ಎಂದು ನೆರೆಕರೆಯವರೆಲ್ಲ ಹೇಳಿದರಂತೆ.

"ಸತ್ತವ ಬಪ್ಪುದಿಲ್ಲೆ ಮೇಡಂ. ಕುಡ್ದೇ ಸತ್ತನಾ ಇಲ್ಲ್ಯಾ, ಅದೊಂದ್ ನಂಗೆ ಹೇಳಿ" ಎಂದಳು.

ಡಾಕ್ಟರು ಹೊರಗೆ ಬಂದು ವಿನಯಾಳನ್ನು ಪಕ್ಕಕ್ಕೆ ಕರೆದರು. ಬ್ರಾಂದಿ ಇದ್ದದ್ದು ಅಂಗಿಯಲ್ಲಿ ಮಾತ್ರ, ಹೊಟ್ಟೆಯಲ್ಲಿ ಅದರ ಸುಳಿವೇ ಇಲ್ಲ. ಮಿದುಳಿನ ಮೇಲೆ ಹಳೆಯ ರಕ್ತ ಹೆಪ್ಪುಗಟ್ಟಿದೆ, ಅದರ ಮೇಲೆ ಹೊಸ ರಕ್ತ.

"ಒಂದೇ ದೊಡ್ಡ ಪೆಟ್ಟಲ್ಲ. ಸಣ್ಣ ಸಣ್ಣವು, ಮತ್ತೆ ಮತ್ತೆ ಬಿದ್ದದ್ದು. ಕೊನೆಯ ಪೆಟ್ಟು ಬಿದ್ದ ಮೇಲೂ ಗಂಟೆಗಟ್ಟಲೆ ಜೀವ ಇತ್ತು. ಕೂಡಲೇ ತಂದಿದ್ದರೆ ಉಳಿಯುತ್ತಿದ್ದನೋ ಏನೋ."

ವಿನಯಾ ಹಿಂದಿನ ಸಂಜೆಯ ಪಂದ್ಯ ನೋಡಿದವರನ್ನು ಠಾಣೆಗೆ ಕರೆಸಿದಳು.

* * *

ಮೊದಲು ಸಂಶಯ ಹೋದದ್ದು ರೋಷನ್ ಮೇಲೆ. ಎದುರಾಳಿ ಬ್ರಹ್ಮಾವರ ತಂಡದ ರೈಡರ್, ಎಂದರೆ ಎದುರು ಪಾಳೆಯಕ್ಕೆ ನುಗ್ಗಿ ಮುಟ್ಟಿ ಬರುವವನು. ಅಂಕಣದಲ್ಲೇ ರತೀಶನಿಗೆ "ಹೊರಗೆ ಸಿಕ್ಕು, ಕಾಂತೆ" ಎಂದು, ನೋಡಿಕೊಳ್ಳುತ್ತೇನೆಂದು ಬೆದರಿಸಿದವನು. ಅವನ ಮೊಣಕಾಲು ರತೀಶನ ತಲೆಗೆ ಬಡಿದದ್ದನ್ನು ಎಲ್ಲರೂ ಕಂಡಿದ್ದರು.

ರೋಷನ್ ಜಗಳವನ್ನು ಒಪ್ಪಿಕೊಂಡ. ಆದರೆ ಪಂದ್ಯ ಮುಗಿದೊಡನೆ ತಂಡದ ಜೊತೆ ಬಸ್ಸು ಹತ್ತಿದ್ದ. ಅದಕ್ಕೆ ಇಡೀ ತಂಡ ಸಾಕ್ಷಿ.

"ನಾನ್ ಹೊಡ್ದದ್ದಲ್ಲ ಮೇಡಂ. ಅವ್ನೇ ತಲಿ ಮುಂದ್ ಮಾಡಿ ನನ್ ಕಾಲಿಗೆ ಹಾರ್ದ. ಅಂಥಾ ರೈಡರ್‌ನ ಕಾರ್ನರಿಗೆ ನಿಲ್ಸಿದ್ದ್ ಎಂತಕ್ಕೆ? ನಂಗ್ ಅದೇ ಗೊತ್ತಾಯ್ಲಿಲ್ಲೆ."

ಕಾರ್ನರ್ ಎಂದರೆ ಸಾಲಿನ ತುದಿಯಲ್ಲಿ ನಿಂತು, ನುಗ್ಗಿ ಬಂದವನ ಕಾಲಿಗೆ ಬೀಳುವವನು. ವಿನಯಾ ಮೊಬೈಲಿನಲ್ಲಿ ಹಳೆಯ ಪಂದ್ಯಗಳ ವಿಡಿಯೋ ಹಾಕಿ ಕುಳಿತಳು. ಹೆಚ್ಚು ನೋಡಲಿಲ್ಲ, ಕಿವಿಗೊಟ್ಟು ಕೇಳಿದಳು.

ಮೊದಮೊದಲು ರತೀಶನ "ಕಬಡ್ಡಿ ಕಬಡ್ಡಿ" ಮಣಿ ಪೋಣಿಸಿದ ಹಾಗೆ ಬರುತ್ತಿತ್ತು. ಬರುಬರುತ್ತಾ "ಕಬ್... ಬಡ್... ಡಿ". ಉಸಿರು ಗಟ್ಟಿಯಾಗಿಯೇ ಇತ್ತು, ನಾಲಿಗೆ ಮಾತ್ರ ಸೋತಿತ್ತು. ಕಬಡ್ಡಿ ಎನ್ನುವುದು ಕಡಿದರೆ ರೈಡರ್ ಔಟ್ ಎಂದು ಅಂಪೈರ್ ಸೀಟಿ ಊದಿ ಅವನನ್ನು ಹೊರಗೆ ಕಳಿಸಿದ್ದ. ಮುಂದಿನ ಪಂದ್ಯದಿಂದ ರತೀಶ ಕಾರ್ನರ್.

* * *

ಬೀಜಾಡಿ ತಂಡದ ಕೋಚ್ ಯತೀಶ್ ಠಾಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ರತೀಶ ಆಟ ಮುಗಿಸಿ, ಸ್ನಾನ ಮಾಡಿ, ಬಟ್ಟೆ ಬದಲಿಸಿ, ನಗುತ್ತಾ ಬೈಕು ಹತ್ತಿದ ಎಂದ. ಬಾರಿಗೆ ಹೋಗಿರಬೇಕು ಎಂದೂ ಸೇರಿಸಿದ.

"ನೀಕ್ಯಾಪ್ ಹಾಯ್ಕಂಡೇ ಸ್ನಾನ ಮಾಡಿದ್ನಾ?" ವಿನಯಾ ಕೇಳಿದಳು.

ಯತೀಶ್ ಕಾಲು ಕೆಳಗಿಳಿಸಿದ.

"ಸ್ನಾನವೂ ಇಲ್ಲ, ಬಾರೂ ಇಲ್ಲ. ಆಟ ಮುಗಿದಲ್ಲೇ ಅವನಿಗೆ ಎಚ್ಚರ ತಪ್ಪಿತ್ತು. ನೀನು ಗಡಿಬಿಡಿಯಲ್ಲಿ ಪ್ಯಾಂಟು ಏರಿಸಿ, ತಂಡದ ಪಿಕಪ್‌ನಲ್ಲಿ ಬೈಕಿನ ಜೊತೆ ಅವನನ್ನೂ ಹೇರಿಕೊಂಡು ಹೋದೆ. ಬೈಕಿನ ಆಯಿಲ್ ಸೋರಿದ ಹಸಿ ಕಲೆ ಪಿಕಪ್‌ನಲ್ಲಿ ಇನ್ನೂ ಇದೆ. ತೋಡಿಗೆ ಹಾಕಿ ಮೇಲೆ ಬ್ರಾಂದಿ ಸುರಿದೆ. ತೊದಲುವವನು ಕುಡುಕ ಅಂತ ಊರಿಗೆ ಊರೇ ನಂಬಿತ್ತಲ್ಲ, ನಿನಗೆ ಅಷ್ಟೇ ಸಾಕಾಯಿತು."

"ತಲಿ ತಾಗ್ದೆ ಕಬಡ್ಡಿ ಇತ್ತಾ ಮೇಡಂ? ಎಲ್ಲರಿಗೂ ತಾಗ್ತ್. ಅವ್ನಿಗೆ ಇಷ್ಟ್ ಆಯ್ತಂದ್ ನಂಗೆ ಹ್ಯಾಂಗ್ ಗೊತ್ತಾಪುದ್?"

ವಿನಯಾ ಮೇಜು ಗುದ್ದಿದಳು. "ಗೊತ್ತಿತ್ತು. ಕಬಡ್ಡಿ ಕಬಡ್ಡಿ ಅನ್ನಬೇಕಾದವನು ರೈಡರ್, ಕಾರ್ನರಿನವನು ಬಾಯಿ ತೆರೆಯಬೇಕಿಲ್ಲ. ಅವನ ತೊದಲು ಯಾರಿಗೂ ಕೇಳಬಾರದು ಅಂತ ಅಲ್ಲಿಗೆ ತಳ್ಳಿದೆ. ಪೆಟ್ಟು ಇನ್ನೂ ಹೆಚ್ಚು ಬೀಳುವ ಜಾಗಕ್ಕೆ! ಟ್ರೋಫಿಯ ಆಸೆಗೆ ಆಡಿಸಿದೆ. ಆಮೇಲೆ ಆಸ್ಪತ್ರೆಗೆ ಒಯ್ದರೆ ನಿನ್ನ ಬಣ್ಣ ಬಯಲಾಗುತ್ತದೆ ಅಂತ, ಉಸಿರಾಡುತ್ತಿದ್ದವನನ್ನು ತೋಡಿಗೆ ಎಸೆದೆ."

ಯತೀಶ್ ನೀರು ಕೇಳಿದ. ಯಾರೂ ಕೊಡಲಿಲ್ಲ.

* * *

ಬೀಜಾಡಿಯ ಮನೆಯ ಜಗಲಿಯಲ್ಲಿ ಕುಳಿತು ವಿನಯಾ ಸುಗಂಧಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಆ ತೊದಲು ಮದ್ಯದ್ದಲ್ಲ, ತಲೆಯ ಪೆಟ್ಟಿನದು ಎಂದಳು.

"ಹಾಂಗಾರೆ ಅವ ಕುಡೀತಿರ್ಲಿಲ್ಲ್ಯಾ?"

"ಇಲ್ಲ ಅಮ್ಮ. ಒಂದು ಹನಿಯೂ ಇಲ್ಲ."

ಸುಗಂಧಿ ತನ್ನ ಬಲಗೈಯನ್ನು ಮಡಿಲಿನಿಂದ ಎತ್ತಿ ನೋಡಿದಳು.

"ದೇವ್ರಾಣಿ ಕುಡಿಲಿಲ್ಲೆ ಅಬ್ಬಿ ಅಂದ. ಅದನ್ನೂ ತೊದಲ್ತಾ ಹೇಳ್ದ. ಆ ತೊದಲ್ ಕೇಂಡೇ ನಾನ್ ಅವ್ನ ತಲಿಗೆ ಹೊಡ್ದೆ."