ಬಡಿದು ನೋಡದ ಡ್ರಮ್

"ಇವತ್ತ ಕೊಲ್ಹಾರಕ್ಕ ಹೊಂಟೇವ್ರಿ. ನನಗ ಹೆಣ್ಣು ನೋಡಾಕ. ಗೊಳಸಂಗಿಯೊಳಗ ಸ್ವಾದರಮಾವನ್ನ ಹತ್ತಿಸ್ಕೊಂಡು ಹೋಗೂದು."

ಸಂಜೀವಕುಮಾರ ಹಾಗೆಂದಾಗ ಸುವರ್ಣಾಳ ಕೈ ಒಂದು ಗಳಿಗೆ ನಿಂತಿತು. ಲೇತ್ ಮಷಿನ್ನಿನಲ್ಲಿ ಅವನ ಟ್ರ್ಯಾಕ್ಸ್ ಗಾಡಿಯ ಬ್ರೇಕ್ ಡ್ರಮ್ ತಿರುಗುತ್ತಿತ್ತು. ಒಳಮೈಯ ಗೀರುಗಳೆಲ್ಲ ಹೋಗಿ ಕಬ್ಬಿಣ ಹೊಳೆಯತೊಡಗಿತ್ತು.

"ಚಲೋ ಆತಲ್ರಿ."

"ಅಷ್ಟನಾ?"

"ಮತ್ತೇನನ್ನಬೇಕ್ರಿ?"

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಬೇಕೆಂದೇ ತಲೆ ಎತ್ತಲಿಲ್ಲ. ಅಪ್ಪ ಗುರಪ್ಪನ ಸೊಂಟ ಹಿಡಿದುಕೊಂಡ ಮೇಲೆ ಬಸವನ ಬಾಗೇವಾಡಿಯ ಈ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಕೆಲಸವಿಲ್ಲದಿದ್ದರೂ ಇವನು ಬಂದು ನಿಲ್ಲುತ್ತಿದ್ದ. ಇನ್ನು ಬರಲಿಕ್ಕಿಲ್ಲ.

ಡ್ರಮ್ಮನ್ನು ಗಾಡಿಗೆ ಕೂಡಿಸಿಕೊಂಡು ಅವನು ಹೋದ. ಕಬ್ಬಿಣದ ಪುಡಿ ಗುಡಿಸುವಾಗ ಅವಳ ಕಣ್ಣು ಸುತ್ತಿಗೆಯ ಮೇಲೆ ಬಿತ್ತು.

ಕೆಲಸ ಮುಗಿದ ಮೇಲೆ ಡ್ರಮ್ಮನ್ನು ತೂಗುಹಾಕಿ ಬಡಿದು ನೋಡಬೇಕು. ನಾದ ಬಂದರೆ ಸರಿ, ಸದ್ದು ಮಂದವಾಗಿ ಕೇಳಿದರೆ ಎಲ್ಲೋ ಬಿರುಕಿದೆ ಎಂದರ್ಥ. ಇವತ್ತು ಅವಳು ಬಡಿದಿರಲೇ ಇಲ್ಲ.

ಬ್ರೇಕ್ ಒತ್ತಿದಾಗ ಡ್ರಮ್ ಒಡೆದರೆ? ಗಾಡಿ ತುಂಬ ಜನ. ಅವನು!

ಹೆಣ್ಣು ನೋಡಲು ಹೊರಟವನನ್ನು ಬೆನ್ನಟ್ಟಿ ಹೋಗಿ ತಡೆದಳು ಅನ್ನುತ್ತಾರೆ ಜನ. ಅನ್ನಲಿ. ಪಕ್ಕದ ವೆಲ್ಡಿಂಗ್ ಅಂಗಡಿಗೆ ಓಡಿದಳು.

"ಖಾಜಾಸಾಬ ಕಾಕಾ, ಬೈಕ್ ತಗೀರಿ. ಲಗೂ ಗೊಳಸಂಗಿಗೆ ಹೋಗಬೇಕ್ರಿ!"

ದಾರಿಯ ಪ್ರತಿ ತಿರುವಿನಲ್ಲೂ ಉರುಳಿಬಿದ್ದ ಗಾಡಿಯೇ ಕಂಡಂತಾಗಿ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಗೊಳಸಂಗಿಯಲ್ಲಿ ಮಾವನ ಮನೆಯ ಮುಂದೆ ಟ್ರ್ಯಾಕ್ಸ್ ಹೊರಡಲು ತಯಾರಾಗಿ ನಿಂತಿತ್ತು. ಸುವರ್ಣಾ ಹೋಗಿ ಅಡ್ಡ ನಿಂತಳು.

"ಗಾಡಿ ತಗೀಬ್ಯಾಡ್ರಿ! ಡ್ರಮ್ ನಾ ಬಡದು ನೋಡಿಲ್ಲ."

ಸಂಜೀವ ಕೂಡಲೇ ಜಾಕ್ ಹಚ್ಚಿ ಗಾಲಿ ಬಿಚ್ಚಿದ. ಡ್ರಮ್ಮಿಗೆ ಹಗ್ಗ ಕಟ್ಟಿ ಬೇವಿನ ಕೊಂಬೆಗೆ ತೂಗುಹಾಕಿದ. ಜೊತೆಗೆ ತಂದಿದ್ದ ಸುತ್ತಿಗೆಯಿಂದ ಅವಳು ಬಡಿದಳು. ಠಣ್ಣೆಂದಿತು. ತಿರುಗಿಸಿ ಮತ್ತೆ ಬಡಿದಳು. ಮತ್ತೆ ಠಣ್. ಬಿರುಕು ಇರಲಿಲ್ಲ.

ಗಾಡಿಯಿಂದ ಇಳಿದು ನಿಂತಿದ್ದ ಅವನ ತಾಯಿ ರುಕ್ಮವ್ವ ಕೇಳಿದಳು: "ಎಂದೂ ಮರೀದಾಕಿ ಇವತ್ತ ಯಾಕ ಮರತಿ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

"ಇವ್ರು ಹೆಣ್ಣು ನೋಡಾಕ ಹೊಂಟೇವಿ ಅಂದ್ರು. ಆಮ್ಯಾಲ ನನಗೇನೂ ತಿಳೀಲಿಲ್ರಿ ಅವ್ವಾರ."

ಸಂಜೀವ ಮೆಲ್ಲಗೆ ಅಂದ: "ಹೋಗಬ್ಯಾಡ್ರಿ ಅಂತೀರೇನೋ ಅಂತ ನಿಮ್ಮ ಮುಂದ ಹೇಳಿದ್ನಿ. ನೀವು ಚಲೋ ಆತು ಅಂದಬಿಟ್ರಿ."

ಅವಳು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಈಗ ಅಂತೇನಿ. ಹೋಗಬ್ಯಾಡ್ರಿ."

ರುಕ್ಮವ್ವ ಇಬ್ಬರನ್ನೂ ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿದಳು. "ಎಸ್‌ಟಿಡಿ ಬೂತಿಗೆ ಹೋಗಿ ಕೊಲ್ಹಾರಕ್ಕ ಫೋನ್ ಹಚ್ಚಪಾ. ತಪ್ಪಾತು, ನಾವು ಬರಾಂಗಿಲ್ಲ ಅನ್ನು." ಬಳಿಕ ಸುವರ್ಣಾಳಿಗೆ, "ಕೈ ತೊಳಕೊಂಡು ಒಳಗ ಬಾ. ನಿಮ್ಮಪ್ಪಗ ಏನಂತ ಹೇಳೂದು, ಕುಂತು ಮಾತಾಡೂನು."

ಸಂಜೀವ ತಂಬಿಗೆ ಎತ್ತಿ ಅವಳ ಕೈಗೆ ನೀರು ಹಾಕಿದ. ಮಸಿ ಹೋಗಲೇ ಇಲ್ಲ. ಅವನಿಗೂ ಅವಸರವಿರಲಿಲ್ಲ.